ಊರವರಂತೆ ಉಂಡರಂತೆ!

ಕೆರಿಬಿಯನ್ ಸಮುದ್ರದಲ್ಲಿ ಹಾಯಿದೋಣಿಯ ಪ್ರವಾಸ ಮಾಡಿ ಬಂದವರ ಬರಹಗಳನ್ನು ಓದುವ ಯೋಗ ಇತ್ತೀಚೆಗೆ ನನಗೆ ಮೇಲಿಂದ ಮೇಲೆ ಒದಗುತ್ತಿದೆ. ಮೊದಲು ಇಂಥವನ್ನು ಬರೆಯುತ್ತಿದ್ದವರು ಇಂಗ್ಲಿಷರು, ಅಮೆರಿಕನ್ನರು. ಈಗ ಬಾಸ್ಟನ್ನಿನಲ್ಲೋ ಟೊರಾಂಟೋದಲ್ಲೋ ನೆಲಸಿರುವ ನಮ್ಮವರೂ ಚಳಿಗಾಲದಲ್ಲಿ ಎರಡು ವಾರಕ್ಕೆ ದೋಣಿ ಬಾಡಿಗೆಗೆ ಹಿಡಿದು, ಮನೆಗೆ ಮರಳಿದ ಮೇಲೆ ಕನ್ನಡದಲ್ಲಿಯೇ ಬರೆಯತೊಡಗಿದ್ದಾರೆ. ಸಂತೋಷ. ಕಡಲನ್ನು ಕಂಡ ಕನ್ನಡಿಗರ ಸಂಖ್ಯೆ ಹೆಚ್ಚಲಿ. ಆದರೆ ಬರೆದವರು ಯಾರೇ ಇರಲಿ, ಭಾಷೆ ಯಾವುದೇ ಇರಲಿ, ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಒಂದು ಮಾತು ತಪ್ಪದೆ ಹಾಜರಾಗುತ್ತದೆ: ನಾವು ಉಳಿದ ಪ್ರವಾಸಿಗಳಂಥವರಲ್ಲ, ಊರವರು ಕೊಳ್ಳುವಲ್ಲಿ ಕೊಂಡೆವು, ಊರವರಂತೆ ಉಂಡೆವು!

ನನ್ನ ತಕರಾರು ಇರುವುದು ಈ ಒಂದು ಮಾತಿನ ಮೇಲೆ. ಉಂಡದ್ದರ ಮೇಲಲ್ಲ, ಕೊಂಡದ್ದರ ಮೇಲೂ ಅಲ್ಲ. 'ಊರವರಂತೆ' ಎಂಬ ಬಿರುದನ್ನು ತಾವೇ ತಮ್ಮ ಕೊರಳಿಗೆ ಹಾಕಿಕೊಳ್ಳುವುದರ ಮೇಲೆ. ಇದನ್ನು ಬೆಂಗಳೂರಿನ ಜಗಲಿಯ ಮೇಲೆ ಕೂತು ಹೇಳುತ್ತಿಲ್ಲ. ಗೆಳೆಯನೊಬ್ಬನ ಮೂವತ್ತೆಂಟು ಅಡಿಯ ದೋಣಿಯಲ್ಲಿ ಗ್ರೆನಡಾದಿಂದ ಹೊರಟು, ಕ್ಯಾರಿಯಾಕೂ, ಯೂನಿಯನ್, ಬೆಕ್ವೆ, ಸೇಂಟ್ ವಿನ್ಸೆಂಟ್, ಸೇಂಟ್ ಲೂಸಿಯಾಗಳನ್ನು ಹಾದು ಮಾರ್ಟಿನಿಕ್‌ವರೆಗೆ ಏಳು ವಾರ ತಿರುಗಿದವನು ನಾನು. ಹಾಯಿ ಎತ್ತಲು ಬಾರದವನಾದ್ದರಿಂದ ಸಂತೆಯೂ ಅಡಿಗೆಯೂ ನನ್ನ ಪಾಲಿಗೆ ಬಿದ್ದವು. ಆದಕಾರಣ ಈ ವಿಷಯದಲ್ಲಿ ನನಗೂ ಎರಡು ಮಾತಿನ ಹಕ್ಕಿದೆ.

ಮೊದಲನೆಯದಾಗಿ, ಊರವರು ಏನು ಉಣ್ಣುತ್ತಾರೆ? ದೋಣಿಯ ಮಹಾಶಯರು ಇದನ್ನು ವಿಚಾರಿಸಿದಂತೆ ಕಾಣುವುದಿಲ್ಲ. ಗ್ರೆನಡಾದ ರಾಜಧಾನಿ ಸೇಂಟ್ ಜಾರ್ಜಸ್‌ನ ಒಂದು ಸಾಧಾರಣ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತು, ಹೊರಬರುವ ಹೆಂಗಸರ ಚೀಲಗಳನ್ನು ನೋಡಿದರೆ ಸಾಕು. ಅಮೆರಿಕದಿಂದ ಹೆಪ್ಪುಗಟ್ಟಿಸಿ ತಂದ ಕೋಳಿಯ ಕಾಲು, ಅಕ್ಕಿ, ಮೈದಾ, ಡಬ್ಬಿಯ ಹಾಲು, ಡಬ್ಬಿಯ ಮಾಂಸ, ಮ್ಯಾಕರೋನಿ, ಸಕ್ಕರೆ ತುಂಬಿದ ಪಾನೀಯ. ಊರವರ ಊಟ ಇದು. ಕೆರಿಬಿಯನ್ ದೇಶಗಳ ಕೂಟವಾದ ಕ್ಯಾರಿಕಾಂ, ಆಹಾರದ ಆಮದಿನ ವೆಚ್ಚವನ್ನು 2025ರೊಳಗೆ ನೂರಕ್ಕೆ 25ರಷ್ಟು ತಗ್ಗಿಸಬೇಕೆಂದು ಪಣ ತೊಟ್ಟಿತು; ಆಗಲಿಲ್ಲ; ಗಡುವು 2030ಕ್ಕೆ ಹೋಯಿತು. ಹೊರಗಿನಿಂದ ತಂದು ಉಣ್ಣುವುದು ಆ ದ್ವೀಪಗಳ ದೊಡ್ಡ ಕೊರಗು. ನಮ್ಮ ದೋಣಿಯವನು ಮಾತ್ರ ಹೆಪ್ಪುಗಟ್ಟಿದ ಕೋಳಿಯನ್ನು ಕಂಡು ಮೂಗು ಮುರಿದು, ಸಂತೆಗೆ ಹೋಗಿ ಕೆಸುವಿನ ಗೆಡ್ಡೆಯನ್ನೂ ಬಾಳೆಕಾಯಿಯನ್ನೂ ಕೊಂಡು ಊರವರಂತೆ ಉಂಡೆನೆಂದು ಬರೆಯುತ್ತಾನೆ. ನಿಜವಾಗಿ ಅವನು ಉಂಡದ್ದು ಊರವರ ಅಜ್ಜಿಯಂತೆ. ಮೊಮ್ಮಗಳು ಆ ಊಟವನ್ನು ಭಾನುವಾರಕ್ಕೂ ಹಬ್ಬಕ್ಕೂ ಇಟ್ಟುಕೊಂಡಿದ್ದಾಳೆ.

ಅಜ್ಜಿಯ ಊಟವಾದರೂ ಪೂರ್ತಿ ಊರಿನದೇ? ಸೇಂಟ್ ಲೂಸಿಯಾದ ರಾಷ್ಟ್ರೀಯ ಭಕ್ಷ್ಯವೆಂದರೆ 'ಗ್ರೀನ್ ಫಿಗ್ ಅಂಡ್ ಸಾಲ್ಟ್‌ಫಿಶ್'. ಫಿಗ್ ಎಂದರೆ ಅಲ್ಲಿ ಅಂಜೂರವಲ್ಲ, ಬಾಳೆಕಾಯಿ. ಸಾಲ್ಟ್‌ಫಿಶ್ ಎಂದರೆ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ಕಾಡ್ ಇರುವುದು ಉತ್ತರ ಅಟ್ಲಾಂಟಿಕಿನ ಚಳಿನೀರಿನಲ್ಲಿ, ನ್ಯೂಫೌಂಡ್‌ಲೆಂಡಿನ ಕಡೆ. ಸುತ್ತಲೂ ಮೀನು ತುಂಬಿದ ಕಡಲಿರುವ ದ್ವೀಪಕ್ಕೆ ಸಾವಿರಾರು ಮೈಲಿ ಆಚೆಯಿಂದ ಒಣಮೀನು ಏಕೆ ಬಂತು? ಏಕೆಂದರೆ ನೆಲವೆಲ್ಲ ಧಣಿಗಳ ಕಬ್ಬಿಗೆ ಬೇಕಾಗಿತ್ತು. ಗುಲಾಮರ ಹೊತ್ತೆಲ್ಲ ಆ ಕಬ್ಬಿನ ಗದ್ದೆಗೆ ಬೇಕಾಗಿತ್ತು. ಯೂರೋಪಿನಲ್ಲಿ ಬಿಕರಿಯಾಗದ ಕೀಳುದರ್ಜೆಯ ಮೀನನ್ನು 'ವೆಸ್ಟ್ ಇಂಡಿಯಾ' ಎಂಬ ಹೆಸರಿನಲ್ಲಿಯೇ ಬೇರ್ಪಡಿಸಿ, ಗುಲಾಮರ ಹೊಟ್ಟೆಗೆಂದು ಹಡಗಿನಲ್ಲಿ ಕಳಿಸುತ್ತಿದ್ದರು. ಆ ಕೀಳುಮೀನನ್ನು ನೆನೆಸಿ, ಬೇಯಿಸಿ, ಈರುಳ್ಳಿ ಮೆಣಸಿನಕಾಯಿಯೊಡನೆ ಹುರಿದು ನಾಲಿಗೆಗೆ ಹಿತವಾಗುವಂತೆ ಮಾಡಿಕೊಂಡದ್ದು ಅಲ್ಲಿನ ಹೆಂಗಸರ ಜಾಣ್ಮೆ. ಈಗ ಆ ಮೀನು ಕೋಳಿಗಿಂತ ದುಬಾರಿ.

'ಪ್ರಾವಿಷನ್' ಎಂಬ ಮಾತನ್ನೇ ತೆಗೆದುಕೊಳ್ಳಿ. ನಮ್ಮ ಬಡಾವಣೆಗಳಲ್ಲಿ 'ಪ್ರಾವಿಷನ್ ಸ್ಟೋರ್ಸ್' ಎಂಬ ಹಲಗೆಯಿಲ್ಲದ ಬೀದಿಯಿಲ್ಲ. ಅಕ್ಕಿ, ಬೇಳೆ, ಸೋಪು, ಸೀಗೇಕಾಯಿ ಎಲ್ಲವೂ ಅದರೊಳಗೆ. ದೋಣಿಯವರ ಬಾಯಲ್ಲಿ ಅದು ಒಂದು ಕ್ರಿಯಾಪದ: ಪ್ರಯಾಣಕ್ಕೆ ಮುನ್ನ ದೋಣಿಯ ಪೆಟ್ಟಿಗೆಗಳಿಗೆ ಸಾಮಾನು ತುಂಬುವುದು. ಬೆಳಿಗ್ಗೆ ವಿ.ಎಚ್.ಎಫ್. ರೇಡಿಯೋದಲ್ಲಿ, ಇಂದು ಪ್ರಾವಿಷನ್ ತರುವವರಿಗೆ ಇಷ್ಟು ಹೊತ್ತಿಗೆ ವ್ಯಾನು ಬರುತ್ತದೆ ಎಂದು ಸಾರುವುದೂ ಉಂಟು. ಆದರೆ ಸಂತೆಯ ಹೆಂಗಸಿನ ಬಾಯಲ್ಲಿ ಪ್ರಾವಿಷನ್ ಎಂದರೆ ಗೆಡ್ಡೆ: ಯಾಮ್, ದಶೀನ್ ಎಂದು ಕರೆಯುವ ಕೆಸು, ಸಿಹಿಗೆಣಸು, ಮರಗೆಣಸು, ಜೊತೆಗೆ ಬಾಳೆಕಾಯಿ. ಈ ಅರ್ಥ ಎಲ್ಲಿಂದ ಬಂತೆಂದರೆ, ಗುಲಾಮರಿಗೆ ತಾವೇ ಬೆಳೆದು ತಿನ್ನಿರೆಂದು ಧಣಿ ಬಿಟ್ಟುಕೊಡುತ್ತಿದ್ದ, ಕಬ್ಬು ಏಳದ ಗುಡ್ಡದ ಓರೆಯ ತುಂಡುನೆಲಕ್ಕೆ 'ಪ್ರಾವಿಷನ್ ಗ್ರೌಂಡ್' ಎಂದು ಹೆಸರು. ಧಣಿಗೆ ಅದು ಖರ್ಚು ಉಳಿಸುವ ಉಪಾಯ. ಆದರೆ ಅದೇ ತುಂಡುನೆಲದಲ್ಲಿ ಗುಲಾಮ ತನ್ನ ಇಷ್ಟದಂತೆ ಬಿತ್ತಿದ. ಹೆಚ್ಚಾದುದನ್ನು ಅವನ ಹೆಂಡತಿ ಭಾನುವಾರ ಪೇಟೆಗೆ ಹೊತ್ತು ತಂದು ಮಾರಿದಳು. ನಾಲ್ಕು ಕಾಸು ಗಂಟು ಕಟ್ಟಿದಳು. ಮೈಯೇ ತನ್ನದಲ್ಲದ ಹೆಂಗಸು, ಗಂಟು ಮಾತ್ರ ತನ್ನದು! 1834ರಲ್ಲಿ ಕಾನೂನಿನಿಂದ ಆರಂಭವಾದ ಬಿಡುಗಡೆ 1838ರಲ್ಲಿ ಪೂರ್ಣವಾದಾಗ, ಕಬ್ಬಿನ ಗದ್ದೆಗೆ ಬೆನ್ನು ತಿರುಗಿಸಿದವರಲ್ಲಿ ಎಷ್ಟೋ ಮಂದಿ ಹಿಡಿದದ್ದು ಈ ಗುಡ್ಡದ ಬೇಸಾಯವನ್ನೇ. ಇಂದು ಶನಿವಾರದ ಸಂತೆಯಲ್ಲಿ ಬಣ್ಣದ ಕೊಡೆಯ ಕೆಳಗೆ ಕೂತಿರುವ ಮುದುಕಿ ಆ ಪರಂಪರೆಯವಳು. ಅವಳ ಮುಂದಿನ ಗೆಡ್ಡೆಯ ಗುಪ್ಪೆ ದೋಣಿಯವನು ಬರೆಯುವಂತೆ 'ವಿಲಕ್ಷಣ ತರಕಾರಿ' ಅಲ್ಲ. ಇನ್ನೂರು ವರ್ಷದ ಸ್ವಾಭಿಮಾನದ ಗುಪ್ಪೆ.

ನಮಗಂತೂ ಆ ಸಂತೆಯಲ್ಲಿ ವಿಲಕ್ಷಣವೆನ್ನುವುದು ಬಹಳ ಕಡಮೆ. ಅವರು ಕ್ರಿಸ್ಟೋಫೀನ್ ಎಂದು ಮಾರುವುದು ನಮ್ಮ ಸೀಮೆಬದನೆಕಾಯಿ. ಪಿಜನ್ ಪೀಸ್ ಎಂದರೆ ಹಸಿ ತೊಗರಿ. ಕ್ಯಾರಿಯಾಕೂ ದ್ವೀಪದ ಒಣನೆಲದಲ್ಲಿ ತೊಗರಿಯ ಗಿಡಗಳನ್ನು ಕಂಡು, ಕಲಬುರಗಿಯ ಕಡೆಯವರು ಯಾರಾದರೂ ಜೊತೆಗಿರಬೇಕಾಗಿತ್ತು ಎನ್ನಿಸಿತು. ಬ್ರೆಡ್‌ಫ್ರೂಟ್ ಎಂದರೆ ದಕ್ಷಿಣ ಕನ್ನಡದ ಜೀಗುಜ್ಜೆ, ಪುಸ್ತಕದವರ ದೀವಿಹಲಸು. ಗ್ರೆನಡಾದವರ ರಾಷ್ಟ್ರೀಯ ಅಡಿಗೆಯಾದ 'ಆಯಿಲ್ ಡೌನ್' ಎಂಬುದರಲ್ಲಿ ಜೀಗುಜ್ಜೆ, ಕೆಸುವಿನ ಎಲೆ, ತೆಂಗಿನ ಹಾಲು, ಅರಿಶಿನ ಎಲ್ಲವೂ ಬೀಳುತ್ತವೆ. ಹಾಲೆಲ್ಲ ಹೀರಿ ಎಣ್ಣೆ ಪಾತ್ರೆಯ ತಳಕ್ಕಿಳಿಯುವವರೆಗೆ ಬೇಯಿಸುತ್ತಾರೆ. ಉಪ್ಪಿನಲ್ಲಿಟ್ಟ ಹಂದಿಯ ಬಾಲವೂ ಬೀಳುವುದರಿಂದ ನನ್ನಂಥವನು ಅದನ್ನು ಮೂಸಿ ಮೆಚ್ಚಬೇಕಷ್ಟೆ. (ಮಾಂಸ ಮೀನು ಮುಟ್ಟದವನಿಗೆ ಆ ದ್ವೀಪಗಳಲ್ಲಿ ಗತಿ ರಾಸ್ತಾಫಾರಿ ಪಂಥದವರು. 'ಐಟಲ್' ಎಂಬ ಅವರ ಊಟದಲ್ಲಿ ಮಾಂಸವಿಲ್ಲ. ಎಷ್ಟೋ ಕಡೆ ಉಪ್ಪೂ ಇಲ್ಲ. ಉಪ್ಪನ್ನು ನಾನು ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದೆ.)

ಈ ಜೀಗುಜ್ಜೆಯ ಕಥೆಯನ್ನು ದೋಣಿಯವರೆಲ್ಲ ಬಲ್ಲರು, ಅರ್ಧ ಮಾತ್ರ. ಕ್ಯಾಪ್ಟನ್ ಬ್ಲೈ, ಬೌಂಟಿ ಹಡಗು, 1789ರ ದಂಗೆ; ಸಿನಿಮಾ ಆದ ಕಥೆ. ಬ್ಲೈ ಸಾಹೇಬನು ಪಟ್ಟು ಬಿಡದೆ ಎರಡನೆಯ ಸಲ ಪ್ರಾವಿಡೆನ್ಸ್ ಎಂಬ ಹಡಗಿನಲ್ಲಿ ತಹೀತಿಯಿಂದ ಸಸಿಗಳನ್ನು ತಂದು, 1793ರ ಜನವರಿಯಲ್ಲಿ ಸೇಂಟ್ ವಿನ್ಸೆಂಟಿನಲ್ಲಿ ಇಳಿಸಿದ. 1765ರಲ್ಲಿ ಸ್ಥಾಪಿತವಾದ ಅಲ್ಲಿನ ಸಸ್ಯೋದ್ಯಾನದಲ್ಲಿ ಆ ಸಸಿಯ ಸಂತಾನವೆಂದು ಒಂದು ಮರವನ್ನು ಇಂದಿಗೂ ತೋರಿಸುತ್ತಾರೆ. ಇಷ್ಟು ಅರ್ಧ. ಉಳಿದರ್ಧ ಏನೆಂದರೆ, ಅಮೆರಿಕದ ಸ್ವಾತಂತ್ರ್ಯಯುದ್ಧದಿಂದ ಆ ಕಡೆಯ ಧಾನ್ಯ ಬರುವುದು ನಿಂತು, ಮೇಲೆ ಚಂಡಮಾರುತಗಳೂ ಎರಗಿ, 1780ರ ದಶಕದಲ್ಲಿ ಜಮೈಕಾದಲ್ಲಿ ಗುಲಾಮರು ಸಾವಿರಗಟ್ಟಲೆ ಹಸಿದು ಸತ್ತರು. ಧಣಿಗಳಿಗೆ ಅಗ್ಗದ ಹೊಟ್ಟೆತುಂಬುವ ಕಾಯಿಯೊಂದು ಬೇಕಾಯಿತು. ಇಷ್ಟು ಸಾಹಸದಿಂದ ತಂದ ಆ ಕಾಯಿಯನ್ನು ಗುಲಾಮರು ಬಹುಕಾಲ ಬಾಯಿಗಿಡಲಿಲ್ಲ! ಯಜಮಾನ ತಂದು ಹಾಕಿದ್ದನ್ನು ಒಲ್ಲೆನೆನ್ನುವ ಒಂದೇ ಸ್ವಾತಂತ್ರ್ಯ ಅವರಿಗೆ ಉಳಿದಿತ್ತು. ಇಂದು ಕೆಂಡದಲ್ಲಿ ಸುಟ್ಟ ಜೀಗುಜ್ಜೆ ಸೇಂಟ್ ವಿನ್ಸೆಂಟಿನ ಹೆಮ್ಮೆಯ ಊಟ. ಒಲ್ಲೆನೆಂದವರ ಮೊಮ್ಮಕ್ಕಳು ಅದನ್ನು ತಮ್ಮದಾಗಿ ಮಾಡಿಕೊಂಡದ್ದಕ್ಕೆ ತಲೆಮಾರುಗಳು ಹಿಡಿದವು. ದೋಣಿಯವನಿಗೆ ಹದಿನಾಲ್ಕು ದಿನ ಸಾಕಂತೆ.

ಊರವರಾಗುವ ಮಾತಿಗೆ ಬಂದರೆ, ನನ್ನ ಅರ್ಜಿ ದೋಣಿಯ ಬಿಳಿಯರ ಅರ್ಜಿಗಿಂತ ಬಲವಾಗಿತ್ತು. ನನ್ನ ಮೈಬಣ್ಣ ಕಂಡು ಗ್ರೆನಡಾದ ಬಸ್ಸಿನಲ್ಲಿ, "ನೀನು ಟ್ರಿನಿಡಾಡಿನವನೋ ಗಯಾನಾದವನೋ?" ಎಂದು ಕೇಳಿದರೇ ಹೊರತು ಇಂಡಿಯಾದವನೋ ಎಂದು ಯಾರೂ ಕೇಳಲಿಲ್ಲ. ಗುಲಾಮಗಿರಿ ಹೋದ ಮೇಲೆ ಕಲ್ಕತ್ತೆ, ಮದರಾಸು ಬಂದರುಗಳಿಂದ ಕರಾರಿನ ಕೂಲಿಗಳಾಗಿ ಸಾಗಿದವರ ವಂಶ ಅಲ್ಲೆಲ್ಲ ಇದೆ. ಟ್ರಿನಿಡಾಡಿಗೆ ಮೊದಲ ಹಡಗು 1845ರ ಮೇ 30ರಂದು ಮುಟ್ಟಿತು, ಗ್ರೆನಡಾಕ್ಕೆ 1857ರಲ್ಲಿ. ಅವರು ಒಯ್ದ ರೊಟ್ಟಿ ಈಗ ಎಲ್ಲ ದ್ವೀಪಗಳಲ್ಲಿಯೂ ಬೀದಿಯ ಊಟ. ಅದರ ಹೆಸರೂ 'ರೋಟಿ'ಯೇ. ಟ್ರಿನಿಡಾಡಿನವರು ಸಹೀನಾ ಎನ್ನುವ ತಿಂಡಿಯಂತೂ, ಕೆಸುವಿನ ಎಲೆಗೆ ಬೇಳೆಯ ಹಿಟ್ಟು ಸವರಿ ಸುತ್ತಿ ಕರಿದದ್ದು, ನಮ್ಮ ಪತ್ರೊಡೆಯ ದಾಯಾದಿ. ಮತ್ತೊಂದು ಸ್ವಾರಸ್ಯ: ಗೋಧಿ ಆ ದ್ವೀಪಗಳಲ್ಲಿ ಬೆಳೆಯುವುದಿಲ್ಲ. ಆದ್ದರಿಂದ ಪಕ್ಕಾ ಊರಿನ ತಿಂಡಿಯೆಂದು ಕೊಂಡಾಡುವ ರೊಟ್ಟಿಯ ಹಿಟ್ಟೂ ಹಡಗಿನಲ್ಲಿಯೇ ಬರಬೇಕು. ಇಷ್ಟೆಲ್ಲ ನೆಂಟಸ್ತನವಿದ್ದರೂ ನಾನು ಊರವನಂತೆ ಉಂಡೆನೆಂದು ಹೇಳಲಾರೆ. ಕರಾರಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವನು ನಾನಲ್ಲವಲ್ಲ.

ಇನ್ನು ಕೊಳ್ಳುವ ಮಾತು. ಇಲ್ಲಿ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ದೋಣಿಯವರ ನಡುವೆ ಕೈಯಿಂದ ಕೈಗೆ ದಾಟುವ ಬುದ್ಧಿವಾದಗಳಲ್ಲಿ ಒಂದು ಹೀಗಿದೆ: ಶನಿವಾರ ಸಂತೆ ಮುಗಿಯುವ ಹೊತ್ತಿಗೆ ಹೋಗಿರಿ, ಉಳಿದುದನ್ನು ಬೆಟ್ಟಕ್ಕೆ ಮರಳಿ ಹೊರಲಾರದೆ ಅರ್ಧ ಬೆಲೆಗೆ ಕೊಡುತ್ತಾರೆ, ಊರವರಿಗೆ ಒಂದು ಬೆಲೆ, ನಮಗೊಂದು ಬೆಲೆ ಇರುತ್ತದೆ, ಬಿಡಬೇಡಿ, ಊರವರ ಬೆಲೆಯನ್ನೇ ಕೇಳಿರಿ. ಇದರಲ್ಲಿ ನಮ್ಮವರು ಬಿಳಿಯರನ್ನು ಮೀರಿಸುತ್ತಾರೆ. ಚೌಕಾಶಿ ನಮಗೆ ತಾಯಿಯ ಹಾಲಿನೊಡನೆ ಬಂದ ವಿದ್ಯೆ. ಮಲ್ಲೇಶ್ವರದ ಮಾರುಕಟ್ಟೆಯಲ್ಲಿ ಕಲಿತದ್ದನ್ನು ಕಡಲಾಚೆ ಪ್ರಯೋಗಿಸುವ ಉತ್ಸಾಹ ಬೇರೆ.

ಲೆಕ್ಕ ನೋಡಿ. ಪೂರ್ವ ಕೆರಿಬಿಯನ್ ಡಾಲರು 1976ರಿಂದ ಅಮೆರಿಕದ ಡಾಲರಿಗೆ 2.70ರಂತೆ ಕಟ್ಟಿದೆ. ಗುಪ್ಪೆಗೆ ಐದು ಡಾಲರು ಹೇಳಿದ ಮುದುಕಿಯನ್ನು ಕಾಡಿ ಬೇಡಿ ನಾಲ್ಕಕ್ಕೆ ಇಳಿಸಿದರೆ ಉಳಿದದ್ದು ಅಮೆರಿಕದ 37 ಸೆಂಟು. ಉಳಿಸಿದವನು ಯಾರು? ದೋಣಿಯ ರಿಪೇರಿಯಲ್ಲಿ ಸಾವಿರ ಡಾಲರಿಗೆ 'ಒಂದು ಬೋಟ್ ಯೂನಿಟ್' ಎಂದು ವಿನೋದದ ಹೆಸರಿಟ್ಟುಕೊಂಡು ನಗುವ ವರ್ಗದವನು. ಮುದುಕಿಯಾದರೋ ಮೂಡಣ ಕೆಂಪಾಗುವ ಮೊದಲೇ ಎದ್ದು, ಮೂಟೆಗಳನ್ನು ಬಸ್ಸಿನ ಮೇಲೆ ಹಾಕಿ, ಮೂಟೆಗೆ ಬೇರೆ ಬಾಡಿಗೆ ತೆತ್ತು ಬಂದವಳು. ಮೇಲಾಗಿ, ಆ ಸಂತೆಗಳಲ್ಲಿ ಊರವರು ಗೆಡ್ಡೆ ಸೊಪ್ಪಿಗೆ ಚೌಕಾಶಿ ಮಾಡುವುದನ್ನು ನಾನು ಕಂಡೇ ಇಲ್ಲ. ಗುಪ್ಪೆಯ ಬೆಲೆ ಗುಪ್ಪೆಯ ಬೆಲೆ. ಖಾಯಂ ಗಿರಾಕಿಗೆ ಅವಳೇ ಮೇಲೊಂದು ಕಾಯಿ ಹಾಕುತ್ತಾಳೆ, ಕೇಳದೆ. ಊರವರ ನಡತೆ ಬೇಕಾದರೆ ಅದು ಬೇರೆ ಇದೆ: ಯಾವ ಅಂಗಡಿಗೆ ಹೋದರೂ, ಯಾವ ಬಸ್ಸು ಹತ್ತಿದರೂ, ಮೊದಲು 'ಗುಡ್ ಮಾರ್ನಿಂಗ್' ಎನ್ನದೆ ಮಾತೆತ್ತುವಂತಿಲ್ಲ. ನೇರವಾಗಿ "ಇದಕ್ಕೆಷ್ಟು?" ಎಂದವನಿಗೆ ಉತ್ತರವೇ ಬಾರದಿರಬಹುದು. ನಮಸ್ಕರಿಸಿದವನನ್ನು ಅವಳು 'ಡಾರ್ಲಿಂಗ್' ಎನ್ನುತ್ತಾಳೆ. ಅರುವತ್ತು ದಾಟಿದ ಗೃಹಸ್ಥನಿಗೆ ಮೊದಲ ಸಲ ಕಿವಿ ಬಿಸಿಯಾಗುತ್ತದೆ, ಆಮೇಲೆ ಒಗ್ಗುತ್ತದೆ. ಸಾಮಾನಿನ ಬೆಲೆಯಲ್ಲಿ ಊರವರನ್ನು ಅನುಕರಿಸುವ ಈ ಜನ ನಮಸ್ಕಾರದಲ್ಲಿ ಮಾತ್ರ ಅನುಕರಿಸುವುದಿಲ್ಲ.

ಈ ಐದು ಡಾಲರಿನ ಹಿಂದೆ ಮತ್ತೊಂದು ಲೆಕ್ಕವಿದೆ. ಸೇಂಟ್ ಲೂಸಿಯಾ, ಸೇಂಟ್ ವಿನ್ಸೆಂಟ್, ಡೊಮಿನಿಕಾಗಳ ಗುಡ್ಡದ ರೈತ ಒಂದು ಕಾಲದಲ್ಲಿ ಬಾಳೆಹಣ್ಣನ್ನು ಬ್ರಿಟನ್ನಿಗೆ ಕಳಿಸಿ ಬದುಕುತ್ತಿದ್ದ. ಹಳೆಯ ವಸಾಹತುಗಳಿಗೆಂದು ಅಲ್ಲಿ ಇದ್ದ ರಿಯಾಯಿತಿಯನ್ನು ಅಮೆರಿಕವೂ ಲ್ಯಾಟಿನ್ ಅಮೆರಿಕದ ಕೆಲವು ದೇಶಗಳೂ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಪ್ರಶ್ನಿಸಿದವು. 1997ರಲ್ಲಿ ತೀರ್ಪು ದ್ವೀಪಗಳಿಗೆ ವಿರುದ್ಧವಾಗಿ ಬಂತು. ಬಯಲುನಾಡಿನ ದೈತ್ಯ ತೋಟಗಳೊಡನೆ ಎರಡೆಕರೆಯ ಗುಡ್ಡದವನು ಹೇಗೆ ಪೈಪೋಟಿ ಮಾಡಿಯಾನು? ಸಾವಿರಾರು ಕುಟುಂಬಗಳು ಬಾಳೆ ಬಿಟ್ಟವು. ಉಳಿದವರಿಗೆ ಊರ ಸಂತೆಯೇ ಸಂತೆ.

ಎದುರು ಪಕ್ಷದವರು ಹೇಳುವ ಮಾತು ನನಗೆ ಗೊತ್ತು. "ಹಾಗಾದರೆ ಫ್ಲಾರಿಡಾದಲ್ಲಿ ಆರು ತಿಂಗಳ ಡಬ್ಬಿಗಳನ್ನು ತುಂಬಿಕೊಂಡು, ದ್ವೀಪದಲ್ಲಿ ಒಂದು ನಿಂಬೆಹಣ್ಣನ್ನೂ ಕೊಳ್ಳದೆ ಹೋಗುವ ದೋಣಿಗಳಿವೆಯಲ್ಲ, ಅವರೇ ವಾಸಿಯೇ?" ಖಂಡಿತ ಅಲ್ಲ. ಅವರು ಆ ಊರಿನ ನೀರಿನಲ್ಲಿ ಲಂಗರು ಹಾಕಿ, ಕಸವನ್ನು ಮಾತ್ರ ದಡಕ್ಕೆ ತರುವ ಪುಣ್ಯಾತ್ಮರು. ಸಂತೆಗೆ ಹೋದವನು ಅವರಿಗಿಂತ ನೂರು ಪಾಲು ಮೇಲು. ಹೋಗಲಿ, ಕೊಳ್ಳಲಿ, ಹೊಟ್ಟೆ ತುಂಬ ಉಣ್ಣಲಿ, ನೆಂಟನಂತೆ, ಗಿರಾಕಿಯಂತೆ. ಗಿರಾಕಿಯಾಗಿರುವುದರಲ್ಲಿ ಅವಮಾನವೇನು? ಸಂತೆಯ ಮುದುಕಿಗೆ ಬೇಕಾದದ್ದೂ ಗಿರಾಕಿಯೇ.

ಮತ್ತೆ ಕೆಲವರು, "ಊರಿನ ಬೆಳೆ ಶುದ್ಧ, ಊರವರ ಊಟ ಆರೋಗ್ಯ" ಎನ್ನುತ್ತಾರೆ. ಇಂಥವರು ಮಾರ್ಟಿನಿಕ್ ತಲುಪಿದ ಮೇಲೆ ಸ್ವಲ್ಪ ವಿಚಾರಿಸಬೇಕು. ಅದು ಫ್ರಾನ್ಸಿನದೇ ಒಂದು ಭಾಗ. ಅಲ್ಲಿನ ಬಾಳೆತೋಟಗಳಿಗೆ ಕ್ಲೋರ್ಡೆಕೋನ್ ಎಂಬ ಕೀಟನಾಶಕವನ್ನು 1972ರಿಂದ 1993ರವರೆಗೆ ಸುರಿದರು. ಅಮೆರಿಕದಲ್ಲಿ ಅದರ ತಯಾರಿಕೆ 1975ರಲ್ಲಿಯೇ ನಿಂತಿತ್ತು. ಫ್ರಾನ್ಸಿನಲ್ಲಿ 1990ರಲ್ಲಿ ಬಹಿಷ್ಕಾರವಾಯಿತು. ದ್ವೀಪಗಳಿಗೆ ಮಾತ್ರ ಇನ್ನೂ ಮೂರು ವರ್ಷ ವಿನಾಯಿತಿ! ಆ ವಿಷ ಮಣ್ಣಿನಲ್ಲಿ ಶತಮಾನಗಳ ಕಾಲ ನಿಲ್ಲಬಲ್ಲದು. ಗೆಡ್ಡೆಗಳೇ ಅದನ್ನು ಹೆಚ್ಚಾಗಿ ಹೀರುವುದು. ಮಾರ್ಟಿನಿಕ್ ಮತ್ತು ಗ್ವಾಡಲೂಪ್‌ಗಳ ವಯಸ್ಕರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಅದು ಸಿಕ್ಕಿದೆ. ಅಲ್ಲಿ ಊರವರಂತೆ ಉಣ್ಣುವುದೆಂದರೆ ಈ ಗೆಡ್ಡೆ ಯಾವ ಹಿತ್ತಿಲಿನದೆಂಬ ಅಂಜಿಕೆಯನ್ನೂ ಉಣ್ಣುವುದು. ದೋಣಿಯವರಿಗೆ ಮಾರ್ಟಿನಿಕ್ ಅಚ್ಚುಮೆಚ್ಚು, ಫ್ರೆಂಚ್ ಗಿಣ್ಣೂ ದ್ರಾಕ್ಷಾರಸವೂ ಅಲ್ಲಿ ಅಗ್ಗವೆಂದು. ಅದೇ ಅಂಗಡಿಗಳ ಮುಂದೆ 2024ರಲ್ಲಿ ಊರಿನ ಜನ ರಸ್ತೆ ಕಟ್ಟಿ ಗಲಾಟೆ ಎಬ್ಬಿಸಿದರು. ಏಕೆಂದರೆ ಫ್ರಾನ್ಸಿನ ಸರಕಾರಿ ಅಂಕಿಅಂಶದ ಸಂಸ್ಥೆಯೇ 2022ರಲ್ಲಿ ಕಂಡಂತೆ ಅಲ್ಲಿ ಆಹಾರದ ಬೆಲೆ ಫ್ರಾನ್ಸಿನದಕ್ಕಿಂತ ನೂರಕ್ಕೆ 40ರಷ್ಟು ಹೆಚ್ಚು. ಒಂದೇ ಗಿಣ್ಣಿನ ತುಂಡು, ಒಬ್ಬನಿಗೆ ಅಗ್ಗ, ಮತ್ತೊಬ್ಬನಿಗೆ ಗಗನಕುಸುಮ.

ಲಾಬ್‌ಸ್ಟರಿನ ವಿಷಯವನ್ನೂ ಹೇಳಿಬಿಡುತ್ತೇನೆ, ನಾನು ತಿನ್ನುವವನಲ್ಲದಿದ್ದರೂ. ಸೇಂಟ್ ವಿನ್ಸೆಂಟ್ ಮತ್ತು ಗ್ರೆನಡೀನ್ಸಿನಲ್ಲಿ ಮೇ ಒಂದರಿಂದ ಆಗಸ್ಟ್ ಕೊನೆಯವರೆಗೆ ಅದನ್ನು ಹಿಡಿಯುವುದು ನಿಷಿದ್ಧ; ಮೊಟ್ಟೆಯಿಡುವ ಕಾಲ. ಆ ತಿಂಗಳುಗಳಲ್ಲಿಯೂ ಹುಡುಗನೊಬ್ಬ ದೋಣಿಯ ಬಳಿ ಬಂದು ಪಿಸುಮಾತಿನಲ್ಲಿ ಬೆಲೆ ಹೇಳಿದರೆ, "ಊರವರಿಂದ ನೇರವಾಗಿ ಕೊಂಡೆವು" ಎಂದು ಹೆಮ್ಮೆಪಡುವವರಿದ್ದಾರೆ. ಹುಡುಗನಿಗೆ ಕಾಸಿನ ಅಡಚಣೆ ಇದ್ದೀತು. ಕೊಳ್ಳುವವನಿಗೆ ಯಾವ ಅಡಚಣೆ?

ಇಷ್ಟಕ್ಕೂ ಊರವರಿಗೂ ದೋಣಿಯವರಿಗೂ ಇರುವ ಅಂತರ ನಾಲಿಗೆಯದಲ್ಲ, ಲಂಗರಿನದು. ಜೂನ್ ಬಂತೆಂದರೆ ಚಂಡಮಾರುತದ ಕಾಲ. ವಿಮಾ ಕಂಪನಿಗಳ ಷರತ್ತಿನಂತೆ ದೋಣಿಗಳು ಲಂಗರು ಕಿತ್ತು ದಕ್ಷಿಣಕ್ಕೆ ಸರಿಯುತ್ತವೆ. ಮುದುಕಿಯ ಗುಡ್ಡ ಎಲ್ಲಿಗೂ ಸರಿಯುವುದಿಲ್ಲ. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಕ್ಯಾರಿಯಾಕೂವಿನ ಮೇಲೆ ಹಾಯಿತು. ನೆರೆಯ ಯೂನಿಯನ್ ದ್ವೀಪದಲ್ಲಿ ಸೂರು ಉಳಿದ ಮನೆ ಹುಡುಕಬೇಕಾಯಿತು. ಕೊಲ್ಲಿಯಲ್ಲಿ ಅಡಗಿದ್ದ ದೋಣಿಗಳೂ ಒಂದರ ಮೇಲೊಂದು ಬಿದ್ದು ಒಡೆದವು, ನಿಜ. ಆದರೆ ಒಡೆದ ದೋಣಿಯವನು ವಿಮಾನ ಹತ್ತಿ ಮನೆಗೆ ಹೋಗಬಲ್ಲ. ಬಿದ್ದ ಬಾಳೆ ಮತ್ತೆ ಗೊನೆ ಬಿಡಲು ಒಂಬತ್ತು ಹತ್ತು ತಿಂಗಳು, ಜೀಗುಜ್ಜೆಯ ಸಸಿ ಮರವಾಗಿ ಕಾಯಿ ಬಿಡಲು ವರ್ಷಗಳು. ಅಲ್ಲಿಯವರೆಗೆ ಆ ಜನ ಉಂಡದ್ದು ಹಡಗಿನಲ್ಲಿ ಬಂದ ಅಕ್ಕಿ, ಡಬ್ಬಿಯ ಮೀನು.

ಇಷ್ಟಾದ ಮೇಲೂ ಹೋಗುವ ಮನಸ್ಸಿರುವವರಿಗೆ ತಿಳಿಸುತ್ತೇನೆ. ಗ್ರೆನಡಾದಲ್ಲಿ ದೊಡ್ಡ ಸಂತೆ ಶನಿವಾರ. ಬೆಳಿಗ್ಗೆಯೇ ಹೋಗಿರಿ, ಮುಗಿಯುವ ಹೊತ್ತಿಗಲ್ಲ. ಹಸಿ ತೊಗರಿ ಕ್ರಿಸ್ಮಸ್ಸಿನ ಸುಮಾರಿಗೆ ಬರುತ್ತದೆ. ಜಾಯಿಕಾಯಿಯನ್ನು ಚಿಪ್ಪಿನೊಡನೆ ಕೊಂಡರೆ ಕಡಲಗಾಳಿಗೆ ಕೆಡುವುದಿಲ್ಲ. ಕೆಸುವಿನ ಎಲೆ ಗಂಟಲು ತುರಿಸದಂತೆ ಹುಣಿಸೆಹಣ್ಣು ಹಾಕುವುದನ್ನು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಚಿಲ್ಲರೆ ನೋಟುಗಳನ್ನು ಜೇಬಿನಲ್ಲಿಟ್ಟುಕೊಳ್ಳಿ. ನೂರರ ನೋಟು ಕೊಟ್ಟರೆ ಆ ತಾಯಿ ಗುಪ್ಪೆ ಬಿಟ್ಟೆದ್ದು ಚಿಲ್ಲರೆಗಾಗಿ ನಾಲ್ಕು ಕೊಡೆ ಸುತ್ತಬೇಕಾಗುತ್ತದೆ.